ಬಂಗುಡೆಯ ಕಿವಿರಿನಲ್ಲಿ ಕಂಡದ್ದೇನು?

ಡೊಂಬಿವಲಿಯ ಸಹೋದರಿಗೆ,

ತಂದ ಬಂಗುಡೆಯನ್ನೆಲ್ಲ ಎಸೆದುಬಿಟ್ಟೆ ಎಂದು ಬರೆದಿದ್ದೀರಿ. ಓದಿ ಬೇಸರವಾಯಿತು, ಎಸೆಯಬೇಕಾಗಿರಲಿಲ್ಲ. ಕಿವಿರಿನ ಮುಚ್ಚಳ ಎತ್ತಿದಾಗ ಕಂಡ ಆ ಮಾಸಲು ಬಿಳಿ ಜೀವಿ, ಒಂದಿಂಚು ಉದ್ದ, ಒಂದು ಬದಿಗೆ ಸೊಟ್ಟ ಮೈ, ಬಹುಮಟ್ಟಿಗೆ ನೋರಿಲೆಕಾ ಇಂಡಿಕಾ ಇರಬೇಕು. ನಮ್ಮ ಕಡಲಿನ ಬಂಗುಡೆಯಲ್ಲಿ ಇದು ಹೊಸದೇನಲ್ಲ. ಹುಳುವೂ ಅಲ್ಲ, ಸೀಗಡಿ, ಏಡಿಗಳ ಬಳಗದ್ದು. ಏಳು ಜೊತೆ ಕಾಲುಗಳ ಕೊಕ್ಕೆ ಊರಿ ಮೀನಿನ ರಕ್ತ ಹೀರುತ್ತದೆ. ಮೊದಲು ಗಂಡಾಗಿದ್ದು ಆಮೇಲೆ ಹೆಣ್ಣಾಗುತ್ತದೆ. ಪಕ್ಕದಲ್ಲಿ ಅಂಟಿಕೊಂಡಿದ್ದ ಚಿಕ್ಕದು ಗಂಡೇ ಇರಬೇಕು. ಮೀನು ಕಡಲಲ್ಲಿ ಜೀವಂತವಿದ್ದಾಗಲೇ ಸೇರಿಕೊಂಡದ್ದು, ಹಾಗಾಗಿ ಮಾರಿದಾಕೆಯ ಮೇಲೆ ಸಿಟ್ಟು ಬೇಡ. ಮನುಷ್ಯರ ಮೈಯಲ್ಲಿ ಅದು ಬದುಕದು. ಕಿವಿರು ಕಿತ್ತೆಸೆದು, ತಲೆ ಚೆನ್ನಾಗಿ ತೊಳೆದು, ಧೈರ್ಯವಾಗಿ ಗಸಿ ಮಾಡಿ.

ಹೊಟ್ಟೆಯೊಳಗೆ ದಾರದಂತೆ ಸುರುಳಿ ಸುತ್ತಿದ ಹುಳು ಕಂಡರೆ ಮಾತ್ರ ಎಚ್ಚರ ಬೇಕು. ಅನಿಸಾಕಿಸ್ ಜಾತಿಯದಾದರೆ, ಹಸಿ ಅಥವಾ ಅರೆಬೆಂದ ಮೀನಿನ ಜೊತೆ ಒಳಹೊಕ್ಕು ಹೊಟ್ಟೆನೋವು, ವಾಂತಿ ತರುತ್ತದೆ. ಕರುಳು ಬೇಗ ತೆಗೆದು, ಒಳಗಿನವರೆಗೂ ಬೇಯಿಸಿದರೆ ಸಾಯುತ್ತದೆ.

ನನಗೆ ನಿಜಕ್ಕೂ ಭಯವಿರುವುದು ಬೇರೆಯದರ ಬಗ್ಗೆ. ಐಸ್ ಇಲ್ಲದೆ ಬಿಸಿಲಲ್ಲಿ ಕೂತ ಬಂಗುಡೆಯಲ್ಲಿ ಹಿಸ್ಟಮೈನ್ ಹುಟ್ಟುತ್ತದೆ, ಎಷ್ಟು ಕುದಿಸಿದರೂ ಹೋಗದು. ತಿಂದವರ ಮುಖ ಕೆಂಪಾಗಿ, ತಲೆ ಸಿಡಿಯುತ್ತದೆ. ವಾಶಿಯಿಂದಲೋ ಠಾಣೆಯಿಂದಲೋ ಲೋಕಲ್‌ನಲ್ಲಿ ಮೀನು ತರುವಾಗ ಚೀಲಕ್ಕೆ ಐಸ್ ಹಾಕಿಸಿಕೊಳ್ಳಿ, ಮನೆ ಸೇರಿದ ಕೂಡಲೇ ಫ್ರಿಜ್‌ಗಿಡಿ.