ಇಂದಿನ ಧಮ್ಮ ಚಿಂತನೆ: ಸಭೆಯ ಭಯ





ವಂದನೆಯಲ್ಲಿ ತ್ರಿಸರಣ ಹೇಳಿಕೊಡಲು ಹೆಸರು ಕರೆದರೆ ಕೆಲವರಿಗೆ ಗಂಟಲು ಒಣಗುತ್ತದೆ, ಕೈ ನಡುಗುತ್ತದೆ. ಎಲ್ಲರೂ ನನ್ನನ್ನೇ ನೋಡಿ ನಗುತ್ತಾರೆ ಅನಿಸುತ್ತದೆ. ಈ ಭಯ ತಿಂಗಳುಗಟ್ಟಲೆ ಉಳಿದು ಓದು, ಕೆಲಸ, ಒಡನಾಟ ತಪ್ಪಿಸತೊಡಗಿದರೆ ವೈದ್ಯರು ಅದನ್ನು ಸೋಷಿಯಲ್ ಆಂಗ್ಸೈಟಿ ಎನ್ನುತ್ತಾರೆ.

ಇದು ಹೊಸದಲ್ಲ. ಅಂಗುತ್ತರ ನಿಕಾಯದಲ್ಲಿ ಬುದ್ಧರು ಹೇಳಿದ ಐದು ಭಯಗಳಲ್ಲಿ ಮರಣದ ಭಯದ ಜೊತೆಗೆ ಸಭೆಯ ಅಳುಕೂ ಇದೆ.

*ಮಾತ್ರೆ ಇಲ್ಲದೆ ವಾಸಿಯಾಗುತ್ತದೆಯೇ?*
ಅನೇಕರಿಗೆ ಆಗುತ್ತದೆ. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯನ್ನು ಮೂರ್ನಾಲ್ಕು ತಿಂಗಳು ಕೊಡುತ್ತಾರೆ. ಅದರ ತಿರುಳು, ಭಯ ಬಂದಾಗ ಓಡದಿರುವುದು. ಭಯಭೇರವ ಸುತ್ತ ನೆನಪಿಸಿಕೊಳ್ಳಿ. ಬೋಧಿಗೆ ಮೊದಲು ಕಾಡಿನಲ್ಲಿ ಭಯ ಬಂದಾಗ ಅವರು ನಡೆಯುತ್ತಿದ್ದರೆ ನಡೆಯುತ್ತಲೇ, ಕುಳಿತಿದ್ದರೆ ಕುಳಿತೇ ಅದನ್ನು ಗೆದ್ದರು.

*ಅಭ್ಯಾಸ ಹೀಗೆ:*
1. ಭಯ ತರುವ ಸಂದರ್ಭಗಳನ್ನು ಬರೆದು 0ರಿಂದ 10ರವರೆಗೆ ಅಂಕ ಕೊಡಿ. ಅಂಗಡಿಯಲ್ಲಿ ಬೆಲೆ ಕೇಳುವುದು 3, ಸಭೆಯಲ್ಲಿ ಪ್ರಶ್ನೆ ಕೇಳುವುದು 8 ಇರಬಹುದು.
2. ಕಡಿಮೆ ಅಂಕದ್ದರಿಂದ ಶುರುಮಾಡಿ. ಮತ್ತೆ ಮತ್ತೆ ಮಾಡಿ, ಆಮೇಲೆ ಮುಂದಿನದಕ್ಕೆ ಹೋಗಿ.
3. ತಲೆ ತಗ್ಗಿಸುವುದು, ಫೋನ್ ನೋಡುವುದು, ಕೈ ಅಡಗಿಸುವುದು ಬಿಡಿ. ಇವು ಭಯವನ್ನು ಸಾಕುತ್ತವೆ.
4. ಗಮನ ನಿಮ್ಮ ಎದೆಬಡಿತದ ಮೇಲಲ್ಲ, ಎದುರಿನವರ ಮಾತಿನ ಮೇಲಿರಲಿ.
5. ಏನಾಗುತ್ತದೆ ಅಂದುಕೊಂಡಿದ್ದಿರಿ, ನಿಜಕ್ಕೂ ಏನಾಯಿತು? ಎರಡನ್ನೂ ಬರೆದಿಡಿ.

*ನಮಗೆ ಇನ್ನೊಂದು ಮಾತು.*
ಬಾಬಾಸಾಹೇಬರು ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರಬೇಕಿತ್ತು. ಕಣ್ಣು ತಗ್ಗಿಸುವುದನ್ನು ನಮ್ಮ ಹಿರಿಯರಿಗೆ ಹೊಡೆದು ಕಲಿಸಿದರು. ಆದ್ದರಿಂದ ಎರಡನ್ನು ಬೇರೆ ಮಾಡಿ ನೋಡಬೇಕು. ಜಾತಿ ಹಿಡಿದು ಯಾರಾದರೂ ಅವಮಾನಿಸಿದರೆ ಅದು ನಮ್ಮ ಮನಸ್ಸಿನ ಕಾಯಿಲೆಯಲ್ಲ, ಅವರ ಅಪರಾಧ. ಅದಕ್ಕೆ ಮದ್ದು ಕಾನೂನು ಮತ್ತು ಸಂಘಟನೆ. ಅವಮಾನಿಸುವವರು ಇಲ್ಲದ ಕಡೆಯೂ ಉಳಿದಿರುವ ನಡುಕವನ್ನು ಮಾತ್ರ ನಾವು ಅಭ್ಯಾಸದಿಂದ ಕಳಚಬೇಕು.

*ಎಚ್ಚರ:* ಮಾತ್ರೆ ತೆಗೆದುಕೊಳ್ಳುವುದು ನಾಚಿಕೆಯಲ್ಲ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಧ್ಯಾನ ಸಹಾಯ ಮಾಡಬಹುದು, ಆದರೆ ಜನರಿಂದ ತಪ್ಪಿಸಿಕೊಳ್ಳುವ ದಾರಿ ಆಗಬಾರದು. ಬದುಕೇ ಬೇಡ ಅನಿಸಿದರೆ, ಕುಡಿತದಿಂದ ಭಯ ಮರೆಯುತ್ತಿದ್ದರೆ ತಡಮಾಡಬೇಡಿ. ಸರ್ಕಾರದ ಉಚಿತ ಟೆಲಿ-ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.

*ಇಂದಿನ ಸಂಕಲ್ಪ:* ಅಂಕ 3ರ ಒಂದು ಕೆಲಸವನ್ನು ತಲೆ ಎತ್ತಿ ಮಾಡುತ್ತೇನೆ. ನಮ್ಮ ಬಳಗದಲ್ಲಿ ಯಾರಾದರೂ ತಡವರಿಸಿದರೆ ನಗದೆ ಕಾಯುತ್ತೇನೆ.

ಭವತು ಸಬ್ಬ ಮಂಗಲಂ. ಜೈ ಭೀಮ್.