ಕೋಟೆಗೂ ಗಾಳಿಯಂತ್ರಕ್ಕೂ ನಡುವೆ ಎಷ್ಟು ದೂರ?

ಪ್ರಶ್ನೆ: ಚಿತ್ರದುರ್ಗದ ಕೋಟೆ ಹತ್ತಿ ನಿಂತರೆ ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. ಸ್ಮಾರಕದಿಂದ ಅವು ಇಂತಿಷ್ಟು ದೂರ ಇರಬೇಕೆಂಬ ನಿಯಮವಿದೆಯೇ?

ಉತ್ತರ: ಇದೆ, ಆದರೆ ಆ ದೂರ ಬಹಳ ಕಡಿಮೆ. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳಿಗೆ ಅನ್ವಯಿಸುವುದು 1958ರ ಕಾಯ್ದೆ. ಅದರ 2010ರ ತಿದ್ದುಪಡಿಯಂತೆ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಏನೇ ಕಟ್ಟುವುದಿದ್ದರೂ ಅನುಮತಿ ಬೇಕು. 300 ಮೀಟರ್ ದಾಟಿದರೆ ಸಾಮಾನ್ಯವಾಗಿ ಈ ಕಾಯ್ದೆ ಕೇಳುವುದಿಲ್ಲ. ಗೋಡೆಗೆ ಒತ್ತಿ ಏಳುವ ಮನೆ, ಲಾಡ್ಜುಗಳನ್ನು ತಡೆಯಲು ಇದು ಸಾಕು. ಹರದಾರಿ ದೂರದಿಂದಲೂ ಕಾಣುವ ಯಂತ್ರಕ್ಕೆ ಸಾಲದು.

ಬೇರೆ ದಾರಿಯೂ ಇದೆ: ಇಂಗ್ಲೆಂಡಿನ 1990ರ ಕಾಯ್ದೆ ಮೀಟರ್ ಲೆಕ್ಕ ಹಿಡಿಯುವುದಿಲ್ಲ. ಪಟ್ಟಿಯಲ್ಲಿರುವ ಐತಿಹಾಸಿಕ ಕಟ್ಟಡವನ್ನೂ ಅದರ ಸುತ್ತಣ ಪರಿಸರವನ್ನೂ ಉಳಿಸಿಕೊಳ್ಳಲು ಅನುಮತಿ ಕೊಡುವವರು ವಿಶೇಷ ಗಮನ ಕೊಡಲೇಬೇಕು ಎನ್ನುತ್ತದೆ. ಈ ಮಾತಿಗೆ ಎಷ್ಟು ಬಲವಿದೆ ಎಂಬುದು ತೀರ್ಮಾನವಾದದ್ದು ನಾರ್ತಾಂಪ್ಟನ್‌ಶೈರ್‌ನ ಲಿವ್ಡೆನ್ ನ್ಯೂ ಬೀಲ್ಡ್ ಪ್ರಕರಣದಲ್ಲಿ. ಕ್ಯಾಥೊಲಿಕ್ ನಂಬಿಕೆಗಾಗಿ ಸೆರೆವಾಸ ಕಂಡಿದ್ದ ಸರ್ ಥಾಮಸ್ ಟ್ರೆಶಮ್ ಶಿಲುಬೆಯಾಕಾರದಲ್ಲಿ ಕಟ್ಟಿಸುತ್ತಿದ್ದ ಕಲ್ಲಿನ ಮನೆ ಅದು. 1605ರಲ್ಲಿ ಅವನು ತೀರಿಕೊಂಡ, ಚಾವಣಿ ಏರಲೇ ಇಲ್ಲ. ತೋಟದಲ್ಲಿ ಶಂಖದ ಸುತ್ತಿನಂತೆ ದಾರಿ ಬಳಸಿಕೊಂಡು ಏರುವ ಮಣ್ಣಿನ ದಿಬ್ಬಗಳಿವೆ. ತುದಿಗೆ ಹೋದರೆ ಸುತ್ತಲಿನ ಹೊಲ, ಕಾಡು ಎಲ್ಲ ಕಾಣುತ್ತದೆ. ಆ ನೋಟವೂ ಟ್ರೆಶಮ್‌ನ ತೋಟದ್ದೇ ಭಾಗ.

ಅಲ್ಲಿಂದ ಎರಡು ಕಿಲೋಮೀಟರಿನೊಳಗೆ 126.5 ಮೀಟರ್ ಎತ್ತರದ ನಾಲ್ಕು ಗಾಳಿಯಂತ್ರಗಳಿಗೆ 2012ರಲ್ಲಿ ಯೋಜನಾ ಇನ್‌ಸ್ಪೆಕ್ಟರ್ ಅನುಮತಿ ಕೊಟ್ಟರು. ಹಾನಿ ಗಂಭೀರವಾದದ್ದಲ್ಲ, ವಿದ್ಯುತ್ತಿನ ಲಾಭ ಅದಕ್ಕಿಂತ ದೊಡ್ಡದು ಎಂಬುದು ಅವರ ಲೆಕ್ಕ. ಯಂತ್ರಗಳು ಈ ಕಾಲದವೆಂದು ನೋಡುವವರಿಗೆ ತಿಳಿದೇ ಇರುತ್ತದೆ ಎಂದು ಅವರು ವಾದಿಸಿದರು. ಈ ಕೊನೆಯ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಹೊಸದೆಂದು ಗೊತ್ತಾದ ಮಾತ್ರಕ್ಕೆ ಅದು ಕಣ್ಣಿಗೆ ಅಡ್ಡ ಬರುವುದು ತಪ್ಪುತ್ತದೆಯೇ? ಸ್ಥಳೀಯ ಕೌನ್ಸಿಲ್, ಇಂಗ್ಲಿಷ್ ಹೆರಿಟೇಜ್ ಮತ್ತು ನ್ಯಾಷನಲ್ ಟ್ರಸ್ಟ್ ಕೋರ್ಟಿಗೆ ಹೋದವು. 2013ರಲ್ಲಿ ಹೈಕೋರ್ಟ್ ಅನುಮತಿ ರದ್ದು ಮಾಡಿತು, 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಹಾನಿ ಗಂಭೀರವಲ್ಲವೆಂದ ಮಾತ್ರಕ್ಕೆ ಆಕ್ಷೇಪವೂ ಹಗುರವಾಗುವುದಿಲ್ಲ, ತೂಗುವಾಗ ಸ್ಮಾರಕದ ತಟ್ಟೆಗೆ ಹೆಚ್ಚಿನ ಭಾರ ಹಾಕಲೇಬೇಕು ಎಂಬುದು ತೀರ್ಪಿನ ತಿರುಳು. ಹಾಗೆಂದು ಗಾಳಿ ವಿದ್ಯುತ್ತಿಗೆ ಅಲ್ಲಿ ನಿಷೇಧವೇನೂ ಬೀಳಲಿಲ್ಲ.

ನಮಗೂ ಗಾಳಿ ವಿದ್ಯುತ್ ಬೇಕು. ಮೀಟರ್ ಲೆಕ್ಕದಲ್ಲಿ ಒಂದು ಒಳ್ಳೆಯದೂ ಇದೆ: ಒಳಗೋ ಹೊರಗೋ ಎಂಬ ವಾದಕ್ಕೆ ಅಲ್ಲಿ ಆಸ್ಪದ ಕಡಿಮೆ. ಆದರೆ ಬಯಲಿನ ಗುಡಿಗೂ ಬೆಟ್ಟದ ಕೋಟೆಗೂ ಒಂದೇ ಅಳತೆ ಸಲ್ಲದು. ಇದಕ್ಕೆ ಕಾಯ್ದೆಯಲ್ಲೇ ದಾರಿಯಿದೆ: ಸ್ಮಾರಕದ ವರ್ಗೀಕರಣ ನೋಡಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ, ನಿಯಂತ್ರಿತ ಪ್ರದೇಶವನ್ನು 200 ಮೀಟರಿಗಿಂತ ಹಿಗ್ಗಿಸಬಹುದು. ಜೊತೆಗೆ ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಪಾರಂಪರಿಕ ಉಪವಿಧಿಗಳನ್ನು ರೂಪಿಸಬೇಕು ಎಂದೂ ಕಾಯ್ದೆ ಹೇಳುತ್ತದೆ. ಅವುಗಳ ಕರಡಿಗೆ ಸಾರ್ವಜನಿಕರಿಂದ ಆಕ್ಷೇಪಣೆ, ಸಲಹೆ ಕರೆಯುತ್ತಾರೆ. ಕೋಟೆಯ ಯಾವ ಬತೇರಿಯಿಂದ ಯಾವ ದಿಕ್ಕಿನ ನೋಟ ಉಳಿಯಬೇಕೆಂದು ಊರಿನವರು ಬರೆದು ಕೊಡಬೇಕಾದದ್ದು ಆಗಲೇ. ಗುಡ್ಡದ ಮೇಲೆ ಕಂಬ ಎದ್ದ ಮೇಲೆ ಅಲ್ಲ.