ಮೆಡಿಕಲ್ ಸೀಟಿಗೆ ಇಂಟರ್‌ವ್ಯೂ ಇರುತ್ತದೆಯೇ?

ಪ್ರಶ್ನೆ: ನನ್ನ ಮಗಳು ನೀಟ್ ಬರೆದಿದ್ದಾಳೆ. ಇಂಗ್ಲೆಂಡಿನಲ್ಲಿರುವ ತಮ್ಮನ ಮಗ ಮೆಡಿಕಲ್ ಸೀಟಿಗಾಗಿ ಇಂಟರ್‌ವ್ಯೂಗೆ ತಯಾರಾಗುತ್ತಿದ್ದಾನಂತೆ. ಇಲ್ಲೂ ಹಾಗೆ ಕರೆಯುತ್ತಾರೆಯೇ? ಏನು ಕೇಳುತ್ತಾರೆ? ಮಗಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಂಗ್ಲಿಷಿನಲ್ಲಿ ಮಾತಾಡಲು ತಡವರಿಸುತ್ತಾಳೆ. ‘ಇಂಟರ್‌ವ್ಯೂ ಕೋಚಿಂಗ್ ಕೊಡಿಸಿ’ ಎಂದು ಒಬ್ಬರು ದುಡ್ಡು ಕೇಳುತ್ತಿದ್ದಾರೆ.
– ಓದುಗರೊಬ್ಬರು, ಬಾಶೆಟ್ಟಿಹಳ್ಳಿ, ದೊಡ್ಡಬಳ್ಳಾಪುರ ತಾಲ್ಲೂಕು

ಉತ್ತರ: ಆ ದುಡ್ಡು ಕೊಡಬೇಡಿ. ಕರ್ನಾಟಕದಲ್ಲಿ ಎಂಬಿಬಿಎಸ್ ಸೀಟಿಗೆ ಇಂಟರ್‌ವ್ಯೂ ಇಲ್ಲ. ಸರ್ಕಾರಿ ಕಾಲೇಜಿನ ರಾಜ್ಯ ಕೋಟಾದ ಸೀಟಾಗಲಿ, ದೇವನಹಳ್ಳಿ, ಹೊಸಕೋಟೆ ಕಡೆಯ ಖಾಸಗಿ ಕಾಲೇಜುಗಳ ಸೀಟಾಗಲಿ, ನೀಟ್ ರ‍್ಯಾಂಕಿನ ಮೇಲೆ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಆನ್‌ಲೈನಿನಲ್ಲಿ ಹಂಚುತ್ತದೆ. ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟು ದೆಹಲಿಯ ಎಂಸಿಸಿ, ಅಂದರೆ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಮೂಲಕ. ಮ್ಯಾನೇಜ್‌ಮೆಂಟ್ ಕೋಟಾ ಎಂದರೂ ದಾರಿ ಇದೇ. ಫೀಸು ಮಾತ್ರ ದುಬಾರಿ.

ಹಾಗಂತ ನಿಮ್ಮ ಪ್ರಶ್ನೆ ತಳಬುಡವಿಲ್ಲದ್ದಲ್ಲ. ಒಂದು ಕಾಲಕ್ಕೆ ನಮ್ಮಲ್ಲೂ ಇಂಟರ್‌ವ್ಯೂ ಇತ್ತು. 1963ರಲ್ಲಿ ಆಗಿನ ಮೈಸೂರು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳಿಗೆ ಆಯ್ಕೆ ಸಮಿತಿ ಮಾಡಿ, ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ. 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿತು. ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ಓದು, ಎನ್‌ಸಿಸಿ, ಆಟೋಟ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ ಇವಿಷ್ಟನ್ನೂ ನೋಡಿ ಅಂಕ ಕೊಡಬೇಕಿತ್ತು. ಸೀಟು ಸಿಗದವರು ಕೋರ್ಟಿಗೆ ಹೋದರು. ‘ಆರ್. ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ’ ಎಂಬ ಆ ಮೊಕದ್ದಮೆಯಲ್ಲಿ 1964ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಸರ್ಕಾರದ ಪರ ನಿಂತಿತು. ಸಂದರ್ಶನ ದುರುಪಯೋಗ ಆಗಬಹುದು, ಆದರೆ ಅದೊಂದೇ ಕಾರಣಕ್ಕೆ ಪದ್ಧತಿಯನ್ನೇ ತಳ್ಳಿಹಾಕಲಾಗದು ಎಂಬುದು ಅದರ ನಿಲುವು.

ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. 1963ರಲ್ಲಿ ಎಷ್ಟು ಹಳ್ಳಿ ಹೈಸ್ಕೂಲುಗಳಲ್ಲಿ ಎನ್‌ಸಿಸಿ ಇತ್ತು? ಚರ್ಚಾಸ್ಪರ್ಧೆ ಏರ್ಪಡಿಸುವ ಮೇಷ್ಟ್ರು ಎಲ್ಲಿದ್ದರು? ಶಾಲೆ ಬಿಟ್ಟ ಮೇಲೆ ದನ ಹೊಡೆದುಕೊಂಡು ಬರುವ ಹುಡುಗನಿಗೆ ಸಮಾಜಸೇವೆಯ ಸರ್ಟಿಫಿಕೇಟು ಯಾರು ಕೊಡಬೇಕಿತ್ತು? ಪಟ್ಟಿ ಬರೆದವರಿಗೆ ದುರುದ್ದೇಶ ಇತ್ತೆಂದಲ್ಲ. ಅವರ ಕಣ್ಣ ಮುಂದಿದ್ದದ್ದು ಪೇಟೆಯ ಕಾನ್ವೆಂಟು, ಅಷ್ಟೆ.

ಪದ್ಧತಿಯ ಹುಳುಕು ಹೊರಬಿದ್ದದ್ದು ಪಕ್ಕದ ತಮಿಳುನಾಡಿನ ಮೆಡಿಕಲ್ ಸೀಟುಗಳ ಮೊಕದ್ದಮೆಯಲ್ಲಿ, 1970ರಲ್ಲಿ. ಪೆರಿಯಕರುಪ್ಪನ್ ಪ್ರಕರಣ ಎಂದು ಅದಕ್ಕೆ ಹೆಸರು. ಅಲ್ಲಿ ಸಂದರ್ಶನಕ್ಕೆ 75 ಅಂಕ. ಯಾವ ಗುಣಕ್ಕೆ ಎಷ್ಟು ಎಂದು ಬಿಡಿಬಿಡಿಯಾಗಿ ಹಾಕಬೇಕಾದ ಅಂಕವನ್ನು ಸಮಿತಿಯವರು ಒಟ್ಟಾರೆ ಹಾಕಿಬಿಟ್ಟಿದ್ದರು. ಅದು ಸರಿಯಲ್ಲ ಎಂದು ತೀರ್ಪು ಬರೆದವರು ಕಾರ್ಕಳ ಕಡೆಯ ಕೌಡೂರಿನವರಾದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ಮುಂದೆ ಲೋಕಸಭೆಯ ಸ್ಪೀಕರ್ ಆದ ಅವರ ಹೆಸರಿನಲ್ಲೇ ಮಂಗಳೂರಿನ ದೇರಳಕಟ್ಟೆಯಲ್ಲಿ ಇಂದು ಮೆಡಿಕಲ್ ಕಾಲೇಜೊಂದಿದೆ. ಅಲ್ಲಿಗೂ ಮಕ್ಕಳು ಸೇರುವುದು ನೀಟ್ ರ‍್ಯಾಂಕಿನಿಂದಲೇ.

ಹತ್ತು ವರ್ಷದ ನಂತರ, 1980ರಲ್ಲಿ, ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನ ‘ಅಜಯ್ ಹಾಸಿಯಾ’ ಪ್ರಕರಣ ಬಂತು. ಅಭ್ಯರ್ಥಿಗಳು ಹೇಳಿಕೊಂಡ ಪ್ರಕಾರ, ಒಬ್ಬೊಬ್ಬರ ಸಂದರ್ಶನ ಎರಡು ಮೂರು ನಿಮಿಷದಲ್ಲಿ ಮುಗಿದಿತ್ತು. ಕೇಳಿದ್ದು ಅಪ್ಪ ಅಮ್ಮ ಯಾರು, ಮನೆ ಎಲ್ಲಿ ಎಂಬುದನ್ನು. ಮೌಖಿಕ ಪರೀಕ್ಷೆಗೆ ಒಟ್ಟು ಅಂಕದ ಶೇ. 15ಕ್ಕಿಂತ ಹೆಚ್ಚು ಇಡಬಾರದು, ಸಾಧ್ಯವಾದರೆ ಟೇಪ್ ರೆಕಾರ್ಡ್ ಮಾಡಿಡಿ ಎಂದು ಕೋರ್ಟ್ ಹೇಳಿತು. ‘ಯಾರ ಮಗ’ ಎಂಬ ಪ್ರಶ್ನೆಗೆ ಕೆಲವರ ಮನೆಯಲ್ಲಿ ಒಳ್ಳೆಯ ಉತ್ತರ ಇರುತ್ತದೆ, ನಮ್ಮಂಥವರ ಮನೆಯಲ್ಲಿ ಇರುವುದಿಲ್ಲ. ಕರ್ನಾಟಕದಲ್ಲಿ 1994ರಲ್ಲಿ ಸಿಇಟಿ ಸೆಲ್ ಹುಟ್ಟಿದಾಗ, ರ‍್ಯಾಂಕ್ ಪಟ್ಟಿ ನೋಡಿ ಸೀಟು ಕೊಡುತ್ತಾರೆ ಎಂದು ಹಳ್ಳಿಯ ಜನ ನೆಮ್ಮದಿಪಟ್ಟದ್ದು ಇದಕ್ಕೇ.

ಆದರೂ ಒಳ್ಳೆಯ ಸಂದರ್ಶನ ಇರಲೇ ಇಲ್ಲವೆಂದರೆ ಅನ್ಯಾಯವಾದೀತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮಕ್ಕಳನ್ನು ಕ್ಯಾಂಪಸ್ಸಿನಲ್ಲೇ ಉಳಿಸಿಕೊಂಡು, ಗುಂಪಿನಲ್ಲಿ ಕೆಲಸ ಕೊಟ್ಟು, ಯಾರು ಹೇಗೆ ಬೆರೆಯುತ್ತಾರೆ ಎಂದು ನೋಡಿ ಆರಿಸುತ್ತಿತ್ತು. ಓದು ಮುಗಿದ ಮೇಲೆ ಮಿಷನ್ ಆಸ್ಪತ್ರೆಗಳಲ್ಲಿ ದುಡಿಯುವ ಮನಸ್ಸು ಇದೆಯೇ ಎಂಬುದು ಅವರಿಗೆ ಮುಖ್ಯವಾಗಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಕೂಡ ತನ್ನದೇ ಪ್ರವೇಶ ಪರೀಕ್ಷೆ, ಸಂದರ್ಶನ ನಡೆಸುತ್ತಿತ್ತು. 2016ರಲ್ಲಿ ನೀಟ್ ಮರಳಿ ಬಂದ ಮೇಲೆ ಇವೆಲ್ಲ ನಿಂತವು. ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟೇ ಅನ್ವಯ ಎಂದು 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಈಗಲೂ ಇಂಟರ್‌ವ್ಯೂ ಉಳಿದಿರುವ ಒಂದು ಜಾಗವಿದೆ: ಪುಣೆಯ ಸೇನಾ ವೈದ್ಯಕೀಯ ಕಾಲೇಜು, ಎಎಫ್‌ಎಂಸಿ. ಎಂಸಿಸಿಯಲ್ಲಿ ನೋಂದಾಯಿಸಿ ಆ ಕಾಲೇಜನ್ನು ಆರಿಸಿಕೊಂಡವರಲ್ಲಿ ಒಳ್ಳೆಯ ನೀಟ್ ಅಂಕ ಪಡೆದವರನ್ನು ಪುಣೆಗೆ ಕರೆಯುತ್ತಾರೆ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಮನಶ್ಶಾಸ್ತ್ರದ ಪರೀಕ್ಷೆ, ಆಮೇಲೆ 50 ಅಂಕದ ಸಂದರ್ಶನ, ಕೊನೆಗೆ ಕಣ್ಣು, ಕಿವಿ, ಎತ್ತರ, ತೂಕದ ತಪಾಸಣೆ. ಓದು ಮುಗಿದ ಮೇಲೆ ಸೇನೆಯಲ್ಲಿ ಅಧಿಕಾರಿಯಾಗಿ ಕೆಲಸ ಮಾಡುವ ಬಾಂಡ್ ಇರುವುದರಿಂದ ‘ಸೇನೆಗೇ ಯಾಕೆ?’ ಎಂಬುದಕ್ಕೆ ಪ್ರಾಮಾಣಿಕ ಉತ್ತರ ಬೇಕು. ನಮ್ಮ ದೇಶದವರಿಗೆ ಇರುವ 145 ಸೀಟುಗಳಲ್ಲಿ ಹೆಣ್ಣುಮಕ್ಕಳಿಗೆ 30. ನಿಮ್ಮ ಮಗಳಿಗೆ ಆ ಆಸೆಯಿದ್ದರೆ ಮಾತಿನ ಅಭ್ಯಾಸ ವ್ಯರ್ಥವಾಗದು.

ನಿಮ್ಮ ತಮ್ಮನ ಮಗ ಎದುರಿಸುವುದು ಬಹುಶಃ ಎಂಎಂಐ ಎಂಬ ಪದ್ಧತಿ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 2000ದ ದಶಕದ ಆರಂಭದಲ್ಲಿ ಹುಟ್ಟಿದ್ದು. ಸಾಲಾಗಿ ಹಲವು ಕೋಣೆಗಳು. ಪ್ರತಿ ಬಾಗಿಲ ಬಳಿ ಒಂದು ಚೀಟಿ. ‘ನೀವು ಕಾರು ಹಿಂದಕ್ಕೆ ತೆಗೆಯುವಾಗ ಪಕ್ಕದ ಮನೆಯವರ ಬೆಕ್ಕು ಚಕ್ರಕ್ಕೆ ಸಿಕ್ಕಿ ಸತ್ತಿದೆ, ಒಳಗೆ ಹೋಗಿ ಅವರಿಗೆ ತಿಳಿಸಿ’ ಎಂಬಂಥದ್ದು ಅಭ್ಯಾಸಕ್ಕೆ ಕೊಡುವ ಮಾದರಿ. ಓದಲು ಒಂದೆರಡು ನಿಮಿಷ. ಗಂಟೆ ಹೊಡೆದರೆ ಒಳಗೆ. ಅಲ್ಲಿ ನೆರೆಯವರ ಪಾತ್ರ ಮಾಡುವ ಒಬ್ಬ ನಟಿ, ಮೂಲೆಯಲ್ಲಿ ಅಂಕ ಹಾಕುವವರು. ಐದರಿಂದ ಎಂಟು ನಿಮಿಷಕ್ಕೆ ಮತ್ತೆ ಗಂಟೆ, ಮುಂದಿನ ಕೋಣೆ. ಒಬ್ಬ ಪರೀಕ್ಷಕರ ಮರ್ಜಿಯ ಮೇಲೆ ಮಗುವಿನ ಹಣೆಬರಹ ನಿಲ್ಲಬಾರದು ಎಂಬುದೇ ಇದರ ಉದ್ದೇಶ. ನಮ್ಮಲ್ಲಿ ಲಕ್ಷಗಟ್ಟಲೆ ಮಕ್ಕಳಿಗೆ ಇದನ್ನು ನಡೆಸುವುದು ಆಗದ ಮಾತು.

ಆದರೆ ರೋಗಿಯೊಡನೆ ಮಾತಾಡುವ ಗುಣವನ್ನು ಯಾರೂ ನೋಡುವುದೇ ಇಲ್ಲವೇ? ನೋಡುತ್ತಾರೆ, ಸೇರಿದ ಮೇಲೆ. 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ ಮತ್ತು ಸಂವಹನವನ್ನು ಪಾಠವಾಗಿಯೇ ಕಲಿಸುತ್ತಾರೆ. ಕೋರ್ಸಿನ ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಯೂ ಸೇರಿದೆ. ‘ಎಲ್ಲಿ ನೋಯ್ತಿದೆ ಅಜ್ಜಿ, ಯಾವತ್ತಿಂದ?’ ಎಂದು ಕೇಳಲು ಹೊರರಾಜ್ಯದ ಮಕ್ಕಳು ಅಲ್ಲಿ ಕಲಿಯಬೇಕು. ನಿಮ್ಮ ಮಗಳಿಗೆ ಅದು ಬಂದೇ ಇದೆ.

ಹಾಗಾಗಿ ನಿಮ್ಮ ಮನೆಯ ಮಟ್ಟಿಗೆ ಇಂಟರ್‌ವ್ಯೂ ಎಂದರೆ ದಾಖಲೆ ಪರಿಶೀಲನೆ. ಮೂಲ ದಾಖಲೆ ಹಿಡಿದು ಮಲ್ಲೇಶ್ವರದ ಸಂಪಿಗೆ ರಸ್ತೆ 18ನೇ ಕ್ರಾಸಿನ ಕೆಇಎ ಕಚೇರಿಗೆ ಬರಹೇಳಿದರೆ, ಮೇಜಿನ ಆಚೆ ಕೂತವರು ನೋಡುವುದು ಕಾಗದವನ್ನು, ಮಗಳ ಇಂಗ್ಲಿಷನ್ನಲ್ಲ. ಸೀಟು ಕೈತಪ್ಪುವುದೂ ಕಾಗದದಿಂದಲೇ. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5, ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ. 15 ಮೀಸಲಿದೆ. ಗ್ರಾಮೀಣಕ್ಕೆ ನೀವು ಎಲ್ಲಿ ವಾಸವಿದ್ದೀರಿ ಎಂಬುದು ಲೆಕ್ಕವಲ್ಲ, ಒಂದರಿಂದ ಹತ್ತರವರೆಗೆ ಶಾಲೆ ಎಲ್ಲಿತ್ತು ಎಂಬುದು ಲೆಕ್ಕ. ನಿಮ್ಮೂರು ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿ ಆಗಿದೆ. ಮಗಳು ಓದಿದ ವರ್ಷಗಳಲ್ಲಿ ಆ ಶಾಲೆ ಯಾವ ಲೆಕ್ಕದಲ್ಲಿತ್ತು ಎಂದು ದೊಡ್ಡಬಳ್ಳಾಪುರದ ಬಿಇಓ ಕಚೇರಿಯಲ್ಲಿ ಮೊದಲೇ ಕೇಳಿ. ಸರ್ಟಿಫಿಕೇಟಿಗೆ ಹೆಡ್‌ಮಾಸ್ಟರ್ ಸಹಿಯ ಜೊತೆ ಬಿಇಓ ಮೇಲುಸಹಿಯೂ ಬೇಕು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿದೆಯೇ ನೋಡಿ. ಆಧಾರಿನಲ್ಲಿ ಇನಿಷಿಯಲ್ ಹಿಂದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮುಂದೆ ಇದ್ದರೆ ಈಗಲೇ ಸರಿಪಡಿಸಿ.

ಆಮೇಲಿನದು ಆಪ್ಷನ್ ಎಂಟ್ರಿ. ಅಣಕು ಹಂಚಿಕೆ ನೋಡಿ, ಬೇಕಾದ ಕಾಲೇಜುಗಳ ಕ್ರಮ ತಿದ್ದಿಕೊಳ್ಳಬಹುದು. ಸೀಟು ಬಂದಾಗ ಒಪ್ಪಿ ಸೇರುವುದೋ, ಹಿಡಿದಿಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದೋ ಎಂಬ ಛಾಯ್ಸ್ ಆಯ್ಕೆಯನ್ನು ಆ ವರ್ಷದ ಕೆಇಎ ಮಾಹಿತಿ ಪುಸ್ತಕ ಓದಿಯೇ ಒತ್ತಿ, ಸೈಬರ್ ಸೆಂಟರಿನವರ ಮಾತು ಕೇಳಿ ಅಲ್ಲ. ‘ಇಂಟರ್‌ವ್ಯೂ ಮಾಡಿ ಸೀಟು ಕೊಡಿಸುತ್ತೇವೆ’ ಎಂದು ಫೋನು ಬಂದರೆ ಇಟ್ಟುಬಿಡಿ. ಕ್ಯಾಪಿಟೇಶನ್ ಶುಲ್ಕ ನಮ್ಮ ರಾಜ್ಯದಲ್ಲಿ 1984ರ ಕಾಯ್ದೆಯಿಂದಲೇ ಅಪರಾಧ.

ಸ್ಪೋಕನ್ ಇಂಗ್ಲಿಷ್ ಕಲಿಯುವುದು ಕೆಟ್ಟದ್ದೇನಲ್ಲ, ಪಠ್ಯಪುಸ್ತಕಗಳೆಲ್ಲ ಇಂಗ್ಲಿಷಿನಲ್ಲೇ ಇರುವುದರಿಂದ ಮುಂದೆ ಬೇಕಾಗುತ್ತದೆ. ಆದರೆ ಸೀಟಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಮಗಳಿಗೆ ಇವತ್ತೇ ಹೇಳಿ. ಅವಳ ಭಯದ ಮೇಲೆ ಯಾರೋ ದುಡ್ಡು ಮಾಡುವುದು ತಪ್ಪುತ್ತದೆ.